ಠಾಣೆಯಲ್ಲಿ ಹುಟ್ಟಿದ ತೀರ್ಪು

ನಿರಪರಾಧಿಯೊಬ್ಬನು ಸೆರೆಗೆ ಹೋದನೆಂದು ತಿಳಿದಾಗ ನಾವು ಮೊದಲು ನ್ಯಾಯಾಸನದತ್ತ ಬೆರಳು ಮಾಡುತ್ತೇವೆ. ಆದರೆ ಅಲ್ಲಿಗೆ ಬರುವ ಸಾಕ್ಷ್ಯವು ಅದಕ್ಕೂ ಮೊದಲೇ ಪೋಲೀಸು ಠಾಣೆಯಲ್ಲಿ ರೂಪುಗೊಂಡಿರುತ್ತದೆ. ಕೆನಡಾ ದೇಶದ ಡೊನಾಲ್ಡ್ ಮಾರ್ಷಲನ ಮೊಕದ್ದಮೆ ಇದನ್ನೇ ಹೇಳುತ್ತದೆ.

ಮಾರ್ಷಲ್ ಆ ನೆಲದ ಮೂಲನಿವಾಸಿಗಳಾದ ಮಿಕ್‌ಮಾಕ್ ಜನಾಂಗದವನು. ಅವನ ತಂದೆ ಆ ಜನಾಂಗದ ಮಹಾನಾಯಕ. 1971ರ ಮೇ ತಿಂಗಳ ಒಂದು ರಾತ್ರಿ, ನೋವಾ ಸ್ಕೋಷಿಯಾ ಪ್ರಾಂತದ ಸಿಡ್ನಿ ಪಟ್ಟಣದ ಉದ್ಯಾನದಲ್ಲಿ ಅವನ ಜೊತೆಗಿದ್ದ ಸ್ಯಾಂಡಿ ಸೀಲ್ ಎಂಬ ತರುಣನು ಇರಿತಕ್ಕೆ ಗುರಿಯಾಗಿ ಮಡಿದನು. ಇರಿದವನೊಬ್ಬ ಬಿಳಿಯ ಮುದುಕನೆಂದು ಮಾರ್ಷಲ್ ಹೇಳಿದ. ತನ್ನ ತೋಳಿನ ಗಾಯವನ್ನೂ ತೋರಿಸಿದ. ಹದಿನೇಳು ವರ್ಷದ ಆ ಹುಡುಗನ ಮಾತನ್ನು ಪೋಲೀಸರು ನಂಬಲಿಲ್ಲ. ಹರೆಯದ ಸಾಕ್ಷಿಗಳನ್ನು ಒತ್ತಾಯಿಸಿ, ಅವರು ಕಾಣದುದನ್ನು ಕಂಡೆವೆಂದು ಹೇಳಿಸಿದರು. ಅದೇ ನವೆಂಬರಿನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಕೆಲವೇ ದಿನಗಳಲ್ಲಿ ನಿಜವಾದ ಕೊಲೆಗಾರನ ಜೊತೆಗಾರನೇ ಬಂದು ನಡೆದುದನ್ನು ತಿಳಿಸಿದ. ಆದರೆ ಆ ಸುದ್ದಿ ಮಾರ್ಷಲನ ವಕೀಲರಿಗೆ ಮುಟ್ಟಲೇ ಇಲ್ಲ! ತಪ್ಪೊಪ್ಪಿಕೊಳ್ಳದವನೆಂಬ ಕಾರಣವೇ ಅವನ ಬಿಡುಗಡೆಗೂ ಅಡ್ಡಬಂದಿತೆಂಬುದನ್ನು ಏನೆನ್ನೋಣ? ಅವನು ಸೆರೆಯಲ್ಲಿ ಕಳೆದುದು 11 ವರ್ಷ.

1983ರಲ್ಲಿ ಪ್ರಾಂತದ ಮೇಲ್ಮನವಿ ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದು ಸಾರಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವನು ಪೂರ್ಣ ಸತ್ಯವನ್ನು ಹೇಳದೆ ಈ ಗತಿಯನ್ನು ತಾನೇ ತಂದುಕೊಂಡನೆಂಬ ಅರ್ಥದ ಮಾತನ್ನೂ ನ್ಯಾಯಮೂರ್ತಿಗಳು ಸೇರಿಸಿದರು. ಪೋಲೀಸರ ಲೋಪವನ್ನು ಸೆರೆಯಿಂದ ಬಂದವನ ತಲೆಗೇ ಕಟ್ಟಿದ ಈ ಮಾತು, ನನ್ನ ದೃಷ್ಟಿಯಲ್ಲಿ, ಮೊದಲಿನ ಶಿಕ್ಷೆಗಿಂತಲೂ ಕಟುವಾದುದು. ಮೊದಲಿನದು ಸುಳ್ಳು ಸಾಕ್ಷ್ಯವನ್ನು ನಂಬಿ ಕೊಟ್ಟದ್ದು. ಇದು ಎಲ್ಲವೂ ತಿಳಿದ ಮೇಲೆ ಆಡಿದ್ದು.

ಮುಂದೆ ನೇಮಕವಾದ ರಾಯಲ್ ಆಯೋಗವು, ನ್ಯಾಯವ್ಯವಸ್ಥೆಯು ಮಾರ್ಷಲನಿಗೆ ಹೆಜ್ಜೆಹೆಜ್ಜೆಗೂ ದ್ರೋಹ ಬಗೆದಿತ್ತೆಂದೂ, ಅವನು ಮೂಲನಿವಾಸಿಯಾಗಿದ್ದುದು ಅದಕ್ಕೊಂದು ಕಾರಣವೆಂದೂ ಮುಚ್ಚುಮರೆಯಿಲ್ಲದೆ ಬರೆಯಿತು. ಸರಕಾರದ ಕೈಲಿರುವ ಸಾಕ್ಷ್ಯವನ್ನೆಲ್ಲ ಆಪಾದಿತನಿಗೆ ತಿಳಿಸಬೇಕೆಂದು 1991ರಲ್ಲಿ ಕೆನಡಾದ ಪರಮೋಚ್ಚ ನ್ಯಾಯಾಲಯವು ವಿಧಿಸಿತು. ಇದು ದೊಡ್ಡ ಲಾಭ. ಶಿಕ್ಷೆ ವಿಧಿಸುವಾಗ ಮೂಲನಿವಾಸಿಯ ಬಾಳಿನ ಹಿನ್ನೆಲೆಯನ್ನು ನೋಡಬೇಕೆಂದು 1999ರ ಗ್ಲಾಡ್ಯೂ ತೀರ್ಪು ಹೇಳಿತು. ಇಷ್ಟಾದರೂ, ಜನಸಂಖ್ಯೆಯಲ್ಲಿ ನೂರಕ್ಕೆ ಐದರಷ್ಟಿರುವ ಮೂಲನಿವಾಸಿಗಳು ಇಂದು ಆ ದೇಶದ ಕೇಂದ್ರ ಸೆರೆಮನೆಗಳಲ್ಲಿ ಮೂರರಲ್ಲೊಂದು ಪಾಲಿನ ಹತ್ತಿರದಲ್ಲಿದ್ದಾರೆ. ಗ್ಲಾಡ್ಯೂ ತೀರ್ಪಿನ ಕರುಣೆ ದೊರೆಯುವುದು ಅಪರಾಧ ಸ್ಥಿರಪಟ್ಟ ಮೇಲೆ. ಮಾರ್ಷಲನಿಗೆ ಬೇಕಾಗಿದ್ದುದು, ಮೊದಲ ರಾತ್ರಿಯೇ ಅವನ ಮಾತನ್ನು ನಂಬಿ ಆ ಮುದುಕನನ್ನು ಹುಡುಕಹೊರಡುವ ಒಬ್ಬ ಪೋಲೀಸು ಅಧಿಕಾರಿ.