ಹುದ್ದೆ ಭರ್ತಿಯಾಯಿತು, ಪಾಠ ತಲುಪಿತೇ?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕಗೊಂಡ ಪ್ರಕರಣಗಳು ಒಂದೆರಡಲ್ಲ. ಹೆತ್ತವರು ಪ್ರತಿಭಟಿಸುತ್ತಾರೆ, ಮನವಿಗಳು ಸಲ್ಲುತ್ತವೆ, ಕೆಲವೊಮ್ಮೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಗುತ್ತದೆ. ಅಷ್ಟರಲ್ಲಿ ಶೈಕ್ಷಣಿಕ ವರ್ಷದ ಬಹುಭಾಗ ಕಳೆದಿರುತ್ತದೆ. ನಿಯಮದಂತೆ ಪರೀಕ್ಷೆ ನಡೆದಿದೆ, ರ‍್ಯಾಂಕ್ ಪಟ್ಟಿಯ ಕ್ರಮ ತಪ್ಪಿಲ್ಲ ಎಂಬ ಸಮಾಧಾನ ಸಾಮಾನ್ಯವಾಗಿ ನಮ್ಮ ಪಾಲಿಗೆ ಬರುತ್ತದೆ.

ಆ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ವರ್ಷಗಟ್ಟಲೆ ಓದಿ ಪಟ್ಟಿಯಲ್ಲಿ ಸ್ಥಾನ ಪಡೆದ ಅಭ್ಯರ್ಥಿಗೂ ನ್ಯಾಯ ಸಲ್ಲಬೇಕು. ಆದರೆ ಅಧ್ಯಾಪಕರ ಒಂದು ನೇಮಕಾತಿಯಲ್ಲಿ ಹಂಚಿಕೆಯಾಗುವುದು ಒಂದಲ್ಲ, ಎರಡು. ಅಭ್ಯರ್ಥಿಗೆ ಉದ್ಯೋಗ, ಮಕ್ಕಳಿಗೆ ಪಾಠ. ಮೊದಲನೆಯದರ ನ್ಯಾಯವನ್ನು ಅಳೆಯಲು ಅಂಕ, ಮೀಸಲಾತಿ, ಸರದಿ ಎಲ್ಲವೂ ಇವೆ. ಎರಡನೆಯದನ್ನು ಅಳೆಯುವವರು ಯಾರು? ಹಾಜರಿ ಪುಸ್ತಕದಲ್ಲಿ ಅಧ್ಯಾಪಕರ ಸಹಿ ಬಿದ್ದೊಡನೆ ಕಡತ ಮುಚ್ಚುತ್ತದೆ. ಮೂರನೆಯ ತರಗತಿಯ ಮಗು ಭಾಗಾಕಾರದ ವಿವರಣೆಯನ್ನು ಅರ್ಥವಾಗದ ನುಡಿಯಲ್ಲಿ ಕೇಳುತ್ತ ಕುಳಿತಿರುತ್ತದೆ. ಲೆಕ್ಕದಲ್ಲಿ ಆ ಮಗುವಿಗೆ ಅಧ್ಯಾಪಕರು ದೊರೆತಿದ್ದಾರೆ.

ಇಂಥದೇ ಪ್ರಶ್ನೆ 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಶಾಲೆಗಳಲ್ಲಿ ಇಂಗ್ಲಿಷ್ ತಿಳಿಯದ ಸುಮಾರು 1,800 ಚೀನೀ ಮೂಲದ ಮಕ್ಕಳಿಗೆ ವಿಶೇಷ ನೆರವು ದೊರೆಯುತ್ತಿರಲಿಲ್ಲ. ಎಲ್ಲರಿಗೂ ಒಂದೇ ಕಟ್ಟಡ, ಒಂದೇ ಪುಸ್ತಕ, ಒಂದೇ ಪಠ್ಯಕ್ರಮವನ್ನು ಒದಗಿಸಿದ ಮಾತ್ರಕ್ಕೆ ಸಮಾನವಾಗಿ ನಡೆಸಿಕೊಂಡಂತಾಗುವುದಿಲ್ಲ ಎಂದು ನ್ಯಾಯಾಲಯ ಒಮ್ಮತದಿಂದ ತೀರ್ಪಿತ್ತಿತು. ಅಲ್ಲಿನ ಮಕ್ಕಳು ವಲಸೆ ಬಂದ ಕುಟುಂಬಗಳವರು. ನಾವಾದರೋ ಇದ್ದಲ್ಲೇ ಇದ್ದೆವು, ಗಡಿ ಬದಲಾಯಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿಯು 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ‘ಪ್ರಯತ್ನ’ ಎಂಬ ಪದ ಆಡಳಿತಕ್ಕೆ ಬಲು ಅನುಕೂಲಕರ! 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲೂ ಬೋಧನಾ ಮಾಧ್ಯಮವು ‘ಕಾರ್ಯಸಾಧ್ಯವಾದಷ್ಟು ಮಟ್ಟಿಗೆ’ ಮಾತೃಭಾಷೆಯಾಗಿರಬೇಕು ಎಂದೇ ಇದೆ. ಆದರೆ ಕನ್ನಡ ಬಲ್ಲ ಅರ್ಹ ಅಭ್ಯರ್ಥಿಗಳು ಇದೇ ಜಿಲ್ಲೆಯಲ್ಲಿರುವಾಗ ಯಾವುದು ಕಾರ್ಯಸಾಧ್ಯವಲ್ಲ ಎಂದು ಕೇಳುವ ಹಕ್ಕು ನಮಗಿದೆ.

ನಾವು ಬೇಡುತ್ತಿರುವುದು ಹೆಚ್ಚಿನ ಪಾಲನ್ನಲ್ಲ. ಪಕ್ಕದ ಮಲಯಾಳ ಮಾಧ್ಯಮದ ಮಗುವಿಗೆ ತನ್ನ ಅಧ್ಯಾಪಕರ ಮಾತು ಅರ್ಥವಾಗುತ್ತದೆ. ನಮ್ಮ ಮಗುವಿಗೂ ಅಷ್ಟು ಸಿಗಲಿ. ಅದಕ್ಕೆ ಬೇಕಾದುದು ದೊಡ್ಡ ಅನುದಾನವೂ ಅಲ್ಲ. ಕನ್ನಡ ಮಾಧ್ಯಮದ ಹುದ್ದೆಗೆ ಬರುವವರು ಕನ್ನಡದಲ್ಲಿ ಓದಿ, ಬರೆದು, ಪಾಠ ಹೇಳಬಲ್ಲರೇ ಎಂಬುದನ್ನು ನೇಮಕಾತಿ ಆದೇಶಕ್ಕೆ ಮೊದಲೇ ಪರೀಕ್ಷಿಸಬೇಕು. ನೇಮಕವಾದ ಮೇಲೆ ಅಲ್ಪಾವಧಿಯ ಭಾಷಾ ತರಬೇತಿಗೆ ಕಳುಹಿಸುವುದು ಪರಿಹಾರವೆಂದು ನಮಗೆ ಅನ್ನಿಸುವುದಿಲ್ಲ. ಅಧ್ಯಾಪಕರು ಅಕ್ಷರ ಕಲಿತು ಬರುವವರೆಗೆ ಮಗು ಯಾರಿಂದ ಕಲಿಯಬೇಕು?

ಹೆತ್ತವರ ಮುಂದೆ ತಕ್ಷಣದ ಕೆಲಸವೊಂದಿದೆ. ತಮ್ಮ ಶಾಲೆಯಲ್ಲಿ ಮುಂದಿನ ವರ್ಷ ತೆರವಾಗಲಿರುವ ಹುದ್ದೆಗಳಾವುವು, ಅವುಗಳನ್ನು ಕನ್ನಡ ಮಾಧ್ಯಮದ ಹುದ್ದೆಗಳೆಂದೇ ವರದಿ ಮಾಡಲಾಗಿದೆಯೇ ಎಂಬುದನ್ನು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಬೇಕು. ಉತ್ತರ ದೊರೆಯದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಬಹುದು; 30 ದಿನಗಳೊಳಗೆ ಇಲಾಖೆ ಉತ್ತರಿಸಬೇಕಾಗುತ್ತದೆ. ನೇಮಕಾತಿ ಆದೇಶ ಕೈಸೇರಿದ ಮೇಲೆ ಹೂಡುವ ಹೋರಾಟಕ್ಕಿಂತ ಇದು ಬಹಳ ಮೊದಲೇ ಆಗಬೇಕಾದ ಕೆಲಸ.