ಹಿಡಿದು ಬಿಡುವುದು ಅಹಿಂಸೆಯೇ?

ಕಳೆದ ದಶಲಕ್ಷಣ ಪರ್ವದಲ್ಲಿ ಉತ್ತಮ ಸಂಯಮ ಧರ್ಮದ ದಿನ ಪ್ರವಚನ ಮುಗಿದ ಬಳಿಕ ನಾವು ಕೆಲವರು ಬಸದಿಯ ಜಗಲಿಯಲ್ಲಿ ಕುಳಿತಿದ್ದೆವು. ಅಮೆರಿಕದಿಂದ ರಜೆಗೆ ಬಂದಿದ್ದ ನಮ್ಮ ಸಮಾಜದ ತರುಣರೊಬ್ಬರು ತಮ್ಮ ಹೊಸ ಹವ್ಯಾಸದ ವಿಷಯ ತಿಳಿಸಿದರು. ಕಾಲಿನಿಂದ ಪೆಡಲ್ ತುಳಿದು ನಡೆಸುವ ಕಯಾಕ್ ಎಂಬ ಸಣ್ಣ ದೋಣಿಯಲ್ಲಿ ಒಬ್ಬರೇ ಕುಳಿತು ಸರೋವರದಲ್ಲಿ ಮೀನಿಗೆ ಗಾಳ ಹಾಕುವುದು. ಸಿಕ್ಕಿದ ಮೀನಿನ ಉದ್ದವನ್ನು ಅಳೆದು, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡುವುದು. "ಎಂಜಿನ್ ಇಲ್ಲ, ಹೊಗೆ ಇಲ್ಲ, ಸದ್ದಿಲ್ಲ. ಮೀನನ್ನು ಕೊಲ್ಲುವುದೂ ಇಲ್ಲ, ತಿನ್ನುವುದೂ ಇಲ್ಲ. ಮಾವ, ಇದಕ್ಕಿಂತ ಅಹಿಂಸಾತ್ಮಕವಾದ ಕ್ರೀಡೆ ಬೇರೆ ಯಾವುದಿದೆ ನೀವೇ ಹೇಳಿ" ಎಂದರು. ಅಲ್ಲಿದ್ದ ಹಿರಿಯರೊಬ್ಬರು, "ಹೌದಲ್ಲವೇ, ಮೃಗಸೇನ ಧೀವರನೂ ಹಿಡಿದ ಮೀನನ್ನು ಬಿಟ್ಟೇ ಸದ್ಗತಿ ಪಡೆದ" ಎಂದು ಸಮರ್ಥಿಸಿದರು. ಉಳಿದವರು ತಲೆದೂಗಿದರು. ಆ ತರುಣರ ಮಾತಿಗಿಂತ ಈ ತಲೆದೂಗುವಿಕೆಯೇ ನನ್ನನ್ನು ಹೆಚ್ಚು ಚಿಂತೆಗೆ ಈಡುಮಾಡಿತು. ಪ್ರಸ್ತುತ ಲೇಖನಕ್ಕೆ ಅದೇ ಕಾರಣ.

ಮೊದಲು ವಸ್ತುವಿನ ಪರಿಚಯ. ಕಯಾಕ್ ಮೂಲತಃ ಉತ್ತರಧ್ರುವ ಸಮೀಪದ ಇನ್ಯೂಟ್ ಜನರ ದೋಣಿ. ಕಟ್ಟಿಗೆಯ ಅಥವಾ ತಿಮಿಂಗಿಲದ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಮಾಡಿದ ಈ ದೋಣಿಯಲ್ಲಿ ಅವರು ಬೇಟೆಯಾಡಿ ಜೀವಿಸುತ್ತಿದ್ದರು. ಬೆಳೆ ಬೆಳೆಯದ ಹಿಮದ ನಾಡಿನಲ್ಲಿ ಹುಟ್ಟಿದ ಆ ಜನರ ಜೀವನಕ್ರಮವನ್ನು ಅಕ್ಕಿ, ಬೇಳೆ, ತರಕಾರಿ ಸಮೃದ್ಧವಾಗಿರುವ ನಾಡಿನಲ್ಲಿ ಕುಳಿತ ನಾವು ಹಳಿಯುವುದು ಸಲ್ಲದು. ಆದರೆ ಇಂದಿನ ಕಯಾಕ್ ಬೇರೆ. ಅಚ್ಚಿನಲ್ಲಿ ಎರಕಗೊಂಡ ಪ್ಲಾಸ್ಟಿಕ್ ಒಡಲು, ಒರಗಲು ಆಸನ. 1997ರಲ್ಲಿ ಕ್ಯಾಲಿಫೋರ್ನಿಯಾದ ಹೋಬಿ ಕ್ಯಾಟ್ ಸಂಸ್ಥೆಯು ಮಿರಾಜ್ ಡ್ರೈವ್ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತು. ಎರಡು ಪೆಡಲುಗಳನ್ನು ಒಂದಾದ ಮೇಲೊಂದರಂತೆ ಒತ್ತಿದರೆ ದೋಣಿಯ ಅಡಿಯಲ್ಲಿರುವ ಎರಡು ರೆಕ್ಕೆಗಳು, ಪೆಂಗ್ವಿನ್ ಹಕ್ಕಿಯ ರೆಕ್ಕೆಗಳಂತೆ ಆಡಿ, ದೋಣಿಯನ್ನು ಮುಂದಕ್ಕೆ ಒಯ್ಯುತ್ತವೆ. ಬಳಿಕ ಬೇರೆ ಸಂಸ್ಥೆಗಳು ಸೈಕಲ್ಲಿನಂತೆ ತುಳಿದು ಪ್ರೊಪೆಲರ್ ತಿರುಗಿಸುವ ಮಾದರಿಗಳನ್ನು ತಂದವು. ತೋಳಿಗಿಂತ ತೊಡೆಯ ಸ್ನಾಯುಗಳಿಗೆ ಬಲ ಹೆಚ್ಚು. ಆದ್ದರಿಂದ ಆಯಾಸ ಕಡಿಮೆ. ಯಂತ್ರವಿಜ್ಞಾನದ ದೃಷ್ಟಿಯಿಂದ ಇದು ಮೆಚ್ಚತಕ್ಕ ಕೌಶಲ. ದೋಣಿಯ ಮೇಲೆ ನನಗೆ ದೂರಿಲ್ಲ.

ದೂರು ಇರುವುದು ಆ ದೋಣಿಯ ಹೆಸರಿನಲ್ಲಿ ಮಾಡಲಾಗುವ ವಾದದ ಮೇಲೆ. ಹುಟ್ಟು ಹಾಕುವ ದೋಣಿಯಲ್ಲಿ ಎರಡು ಕೈಗಳೂ ಹುಟ್ಟಿನ ಮೇಲಿರುತ್ತವೆ. ಗಾಳ ಹಿಡಿಯಬೇಕಾದರೆ ಹುಟ್ಟನ್ನು ಕೆಳಗಿಡಬೇಕು. ಅಷ್ಟರಲ್ಲಿ ಗಾಳಿ ದೋಣಿಯನ್ನು ಬೇರೆಡೆಗೆ ತಳ್ಳುತ್ತದೆ. ಪೆಡಲಿನಿಂದ ಈ ಅಡಚಣೆ ತಪ್ಪಿತು, ಕೈಗಳು ಬಿಡುವಾದವು. ಬಿಡುವಾದ ಕೈಗಳಿಗೆ ಬಂದದ್ದೇನು? ಗಾಳದ ಕೋಲು. ಮೀನುಗಾರಿಕೆಗೆಂದೇ ಮಾರುವ ಮಾದರಿಗಳಲ್ಲಿ ಕೋಲು ನಿಲ್ಲಿಸುವ ಕೊಳವೆಗಳಿರುತ್ತವೆ. ನೀರಿನಡಿಯ ಮೀನನ್ನು ಶಬ್ದತರಂಗದಿಂದ ಪತ್ತೆಹಚ್ಚುವ ಯಂತ್ರವನ್ನು ಕೂರಿಸಲು ಸ್ಥಳವಿರುತ್ತದೆ. ಸದ್ದಿಲ್ಲದಿರುವುದನ್ನು ನಮ್ಮ ತರುಣರು ಅಹಿಂಸೆಯ ಲಕ್ಷಣವೆಂದು ಹೊಗಳಿದರು. ಮಾರುವವರು ಅದೇ ಗುಣವನ್ನು ಮೀನು ಬೆದರದಂತೆ ಸಮೀಪಿಸಲು ಅನುಕೂಲವೆಂದು ಹೊಗಳುತ್ತಾರೆ. ಬೆಕ್ಕಿನ ಪಾದವೂ ಸದ್ದಿಲ್ಲದ್ದೇ. ಇಲಿಗೆ ಅದರಿಂದ ಏನು ಲಾಭ?

ವ್ಯಾಪಾರಿಯಾದ ನಾನು ಇದನ್ನು ಜಮಾ ಖರ್ಚಿನ ಪುಸ್ತಕದಂತೆ ನೋಡುತ್ತೇನೆ. ಪೆಟ್ರೋಲ್ ಉಳಿಯಿತು, ಹೊಗೆ ಇಲ್ಲ, ಎಣ್ಣೆ ನೀರಿಗೆ ಸೇರಲಿಲ್ಲ: ಇವನ್ನು ಜಮಾ ಬದಿಯಲ್ಲಿ ಧಾರಾಳವಾಗಿ ಬರೆಯೋಣ. ಮೀನಿನ ಪ್ರಾಣ ಉಳಿಯಿತು ಎಂಬುದನ್ನೂ ಬರೆಯೋಣ. ಕೊಲ್ಲುವುದಕ್ಕೂ ಕೊಲ್ಲದಿರುವುದಕ್ಕೂ ವ್ಯತ್ಯಾಸವಿಲ್ಲವೆಂದು ಯಾವ ಧರ್ಮವೂ ಹೇಳದು. ಆದರೆ ಪ್ರತಿ ಸಲವೂ ಉಳಿಯುವುದೇ ಎಂಬುದನ್ನು ನೋಡಬೇಕು. ಹಿಡಿದು ಬಿಟ್ಟ ಮೀನುಗಳ ಬಗ್ಗೆ ನಡೆದ ಐವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಸರಾಸರಿ ಶೇಕಡಾ 18ರಷ್ಟು ಮೀನುಗಳು ಬಿಟ್ಟ ಮೇಲೂ ಸಾಯುತ್ತವೆಂದು ಕಂಡಿತು. ಜಾತಿ, ನೀರಿನ ಉಷ್ಣತೆ, ಕೊಕ್ಕೆ ನಾಟಿದ ಸ್ಥಳ ಇವುಗಳಿಂದ ಈ ಸಂಖ್ಯೆ ಬಹಳ ವ್ಯತ್ಯಾಸವಾಗುತ್ತದೆ. ಗಂಟಲಿನಲ್ಲಿ ಅಥವಾ ಕಿವಿರಿನಲ್ಲಿ ಕೊಕ್ಕೆ ಸಿಕ್ಕ ಮೀನು ಬದುಕುವುದು ಕಷ್ಟ. ಆಳದಿಂದ ಥಟ್ಟನೆ ಮೇಲೆಳೆದ ಮೀನಿನ ಒಳಗಿನ ಗಾಳಿಚೀಲ ಉಬ್ಬಿ ಅಂಗಗಳಿಗೆ ಹಾನಿಯಾಗುತ್ತದೆ. ಚಿತ್ರದಲ್ಲಿ ನಗುಮುಖದೊಡನೆ ಕಾಣುವ ಮೀನು ಸಂಜೆಗೆ ಏನಾಯಿತೆಂದು ಚಿತ್ರ ತೆಗೆದವನಿಗೆ ತಿಳಿಯದು. ತಿಳಿಯದ ಸಾಲವನ್ನು ಶೂನ್ಯವೆಂದು ಬರೆಯುವ ಲೆಕ್ಕಿಗನನ್ನು ಯಾವ ಅಂಗಡಿಯಲ್ಲೂ ಇಟ್ಟುಕೊಳ್ಳುವುದಿಲ್ಲ.

"ಮೀನಿಗೆ ನೋವೇ ಆಗುವುದಿಲ್ಲ" ಎಂಬ ಮಾತೂ ಕೇಳಿಬರುತ್ತದೆ. ಸ್ಕಾಟ್‌ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತುಟಿಗಳಿಗೆ ಜೇನುನೊಣದ ವಿಷವನ್ನೂ ಆಮ್ಲವನ್ನೂ ಚುಚ್ಚಿ ನಡೆಸಿದ ಪರೀಕ್ಷೆಯನ್ನು 2003ರಲ್ಲಿ ಪ್ರಕಟಿಸಿದರು. ಆ ಮೀನುಗಳು ಆಹಾರವನ್ನು ತೊರೆದವು, ದೇಹವನ್ನು ಅತ್ತಿತ್ತ ತೂಗಿದವು, ಕೆಲವು ತುಟಿಯನ್ನು ಜಲ್ಲಿಗೆ ಉಜ್ಜಿಕೊಂಡವು. ಆ ಪರೀಕ್ಷೆಯೇ ಹಿಂಸೆಯೆಂಬುದನ್ನು ನಾವು ಮರೆಯಬಾರದು. ಆದರೆ ಫಲಿತಾಂಶವನ್ನು ಅಲ್ಲಗಳೆಯುವುದೂ ಸುಲಭವಲ್ಲ. ಮೀನಿನ ಮಿದುಳಿನ ರಚನೆಯನ್ನು ಮುಂದಿಟ್ಟು ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಅವರ ವಾದ ಅವರಲ್ಲಿಯೇ ಮುಂದುವರಿಯಲಿ. ಜೈನನಿಗೆ ಈ ಪ್ರಶ್ನೆ ಹೊಸದಲ್ಲ. ಮೀನು ಜಲಚರ ಪಂಚೇಂದ್ರಿಯ ತಿರ್ಯಂಚ ಜೀವಿ; ಐದು ಇಂದ್ರಿಯಗಳುಳ್ಳದ್ದು, ಸುಖದುಃಖಗಳನ್ನು ಅನುಭವಿಸುವುದು. ಒಂದೇ ಇಂದ್ರಿಯದ ಜೀವಕ್ಕೂ ಮರುಗಿ ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ ಹುಟ್ಟಿದವರು ಪಂಚೇಂದ್ರಿಯ ಜೀವಿಯ ತುಟಿಗೆ ಕಬ್ಬಿಣ ಚುಚ್ಚಲು ವಿಜ್ಞಾನಿಗಳ ಅನುಮತಿಗಾಗಿ ಕಾಯಬೇಕೆ?

ಈಗ ಶಾಸ್ತ್ರದ ವಿಚಾರ. ಅಹಿಂಸಾಣುವ್ರತವೆಂದರೆ ಕೊಲ್ಲದಿರುವುದು ಮಾತ್ರ ಎಂದು ಯಾರಾದರೂ ಭಾವಿಸಿದ್ದರೆ ಅದು ಅಪೂರ್ಣ ತಿಳಿವಳಿಕೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳು ಹೇಳಲ್ಪಟ್ಟಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆದು ಪೀಡಿಸುವುದು. ಈ ಐದರಲ್ಲಿ ಪ್ರಾಣ ತೆಗೆಯುವ ಮಾತೇ ಇಲ್ಲ. ಪ್ರಾಣಿ ಬದುಕಿರುವಾಗಲೇ ಸಂಭವಿಸುವ ದೋಷಗಳಿವು. ಗಾಳದ ದಾರದಿಂದ ಮೀನನ್ನು ಕಟ್ಟಿ ಎಳೆಯುವುದು ಬಂಧವಲ್ಲವೇ? ತುಟಿಯನ್ನು ತೂತು ಮಾಡುವುದು ಛೇದವಲ್ಲವೇ? ಸೋತು ಸುಸ್ತಾಗುವವರೆಗೆ ದಾರವನ್ನು ಬಿಟ್ಟು ಎಳೆದು ಆಡಿಸುವುದು ಪೀಡನವಲ್ಲವೇ? ಅಳತೆಪಟ್ಟಿಯ ಮೇಲೆ ಮಲಗಿಸಿ ಚಿತ್ರ ತೆಗೆಯುವವರೆಗೆ ನೀರಿನಿಂದ ಹೊರಗಿಡುವುದು ಅನ್ನಪಾನನಿರೋಧಕ್ಕಿಂತಲೂ ಕಠಿಣ. ಅದು ಉಸಿರನ್ನೇ ತಡೆಯುವುದು. ಅಜಾಗ್ರತೆಯಿಂದ ಎಂದೋ ಒಮ್ಮೆ ಆದರೆ ಅತಿಚಾರ. ಸಂಕಲ್ಪಪೂರ್ವಕವಾಗಿ ಪ್ರತಿ ಭಾನುವಾರ ಮಾಡಿದರೆ ಅದು ವ್ರತಭಂಗವೇ, ಅನಾಚಾರವೇ.

"ನೀವು ನಡೆದರೂ ಹುಳ ಸಾಯುತ್ತದೆ, ಬೇಸಾಯದಲ್ಲೂ ಸಾಯುತ್ತದೆ" ಎಂಬ ಪ್ರತಿವಾದ ಸಿದ್ಧವಾಗಿಯೇ ಇರುತ್ತದೆ. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ಣವಾಗಿ ತಪ್ಪವು. ಸಂಕಲ್ಪೀ ಹಿಂಸೆಯನ್ನು ಅವನು ತ್ಯಜಿಸಲೇಬೇಕು. ಅಡಿಗೆ ಮಾಡುವ ತಾಯಿಗೆ ಉದ್ದೇಶ ಅಡಿಗೆ, ಹುಳವಲ್ಲ. ಗಾಳ ಹಾಕುವವನ ಉದ್ದೇಶ ಮೀನೇ. ಜನ್ನ ಕವಿಯ ಯಶೋಧರ ಚರಿತೆಯನ್ನು ಓದಿದ ಕನ್ನಡ ಜೈನನಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಕ್ಕಾಗಿ ಯಶೋಧರ ಭವಭವಗಳಲ್ಲಿ ತೊಳಲಿದ. ಒಂದು ಜನ್ಮದಲ್ಲಿ ಮೀನಾಗಿಯೂ ಹುಟ್ಟಿದ. ಹಿಟ್ಟಿಗೆ ಇಷ್ಟಾದರೆ ರಕ್ತವುಳ್ಳ ಜೀವಕ್ಕೆ ಎಷ್ಟು?

ಇನ್ನು ಮೃಗಸೇನನ ಕಥೆ. ಸೋಮದೇವಸೂರಿಗಳ ಯಶಸ್ತಿಲಕದಲ್ಲಿಯೂ ಕಥಾಕೋಶಗಳಲ್ಲಿಯೂ ಬರುವ ಈ ಕಥೆಯನ್ನು ನಮ್ಮ ಹಿರಿಯರು ಅರ್ಧ ಮಾತ್ರ ನೆನಪಿಸಿಕೊಂಡರು. ಅವಂತಿ ದೇಶದ ಆ ಬೆಸ್ತನಿಗೆ ಮೀನು ಹಿಡಿಯುವುದು ಕುಲವೃತ್ತಿ, ಹೊಟ್ಟೆಪಾಡು. ಮೊದಲು ಬಲೆಗೆ ಬಿದ್ದ ಮೀನನ್ನು ಕೊಲ್ಲುವುದಿಲ್ಲವೆಂದು ಮುನಿಗಳಿಂದ ವ್ರತ ಪಡೆದ. ಆ ದಿನ ಬಿದ್ದ ಮೀನಿಗೆ ಗುರುತು ಕಟ್ಟಿ ಬಿಟ್ಟ; ಅದೇ ಮೀನು ಐದು ಸಲ ಬಲೆಗೆ ಬಂತು, ಐದು ಸಲವೂ ಬಿಟ್ಟ. ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ಬಾಗಿಲು ಹಾಕಿದಳು. ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತ. ಅವನು ಬಿಟ್ಟದ್ದು ಮೀನನ್ನು ಮಾತ್ರವಲ್ಲ, ಆ ದಿನದ ಅನ್ನವನ್ನು. ಹಿಡಿಯುವುದು ಅವನ ಬಂಧನವಾಗಿತ್ತು, ಬಿಡುವುದು ಅವನ ತ್ಯಾಗ. ಪೆಡಲ್ ದೋಣಿಯವನು ಏನನ್ನು ತ್ಯಜಿಸಿದ? ಅವನ ಬುತ್ತಿ ಪಕ್ಕದಲ್ಲೇ ಇದೆ. ಬಿಡುವುದಕ್ಕಾಗಿಯೇ ಅವನು ಹಿಡಿಯುತ್ತಾನೆ. ಮೃಗಸೇನ ಒಂದು ಮೀನನ್ನು ಬಿಡಲು ಹಸಿದ. ಇವನು ಹಸಿವಿಲ್ಲದೆಯೇ ಮೀನನ್ನು ಹಿಡಿದ. ಎರಡಕ್ಕೂ ಒಂದೇ ಹೆಸರು ಕೊಡುವುದು ಆ ಬಡ ಧೀವರನಿಗೆ ಮಾಡುವ ಅನ್ಯಾಯ.

ಇಲ್ಲಿಯೇ ವಿಷಯದ ತಿರುಳಿದೆ. ನಮ್ಮ ಕರಾವಳಿಯ ಮೊಗವೀರರು ಕುಟುಂಬ ಪೋಷಣೆಗಾಗಿ ಕಡಲಿಗಿಳಿಯುತ್ತಾರೆ. ಅವರ ವೃತ್ತಿಯನ್ನು ಶ್ರಾವಕನು ಮಾಡಲಾರ. ಆದರೆ ಅದರ ಹಿಂದೆ ಅಗತ್ಯವಿದೆ. ಹಿಡಿದು ಬಿಡುವ ಕ್ರೀಡೆಯಲ್ಲಿ ಆ ಅಗತ್ಯವೂ ಇಲ್ಲ. ಆಹಾರವೆಂಬ ಕಾರಣವನ್ನು ತೆಗೆದುಹಾಕಿದ ಮೇಲೆ ಉಳಿಯುವುದು ವಿನೋದವೊಂದೇ. ನಿಷ್ಪ್ರಯೋಜನವಾದ ಇಂತಹ ಪಾಪಕ್ಕೇ ಶ್ರಾವಕಾಚಾರದಲ್ಲಿ ಅನರ್ಥದಂಡವೆಂದು ಹೆಸರು. ನಮ್ಮ ಶಾಸ್ತ್ರವನ್ನು ಓದದ ದೇಶಗಳೂ ಇದನ್ನು ಗ್ರಹಿಸಿವೆ. ಸ್ವಿಟ್ಜರ್‌ಲೆಂಡಿನ 2008ರ ಪ್ರಾಣಿರಕ್ಷಣಾ ನಿಯಮಾವಳಿಯು ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿತು.

ಎದುರು ಪಕ್ಷದ ಅತ್ಯಂತ ಬಲವಾದ ವಾದವನ್ನು ಬಿಟ್ಟುಬಿಟ್ಟರೆ ನ್ಯಾಯವಾಗದು. ನಮ್ಮ ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಹರಿಗೋಲಿನಲ್ಲಿ ಕುಳಿತು ಮಹಸೀರ್ ಮೀನನ್ನು ಹಿಡಿದು ಬಿಡುವ ಶಿಬಿರಗಳು ಬಹುಕಾಲ ನಡೆದವು. ವನ್ಯಜೀವಿ ಸಂರಕ್ಷಣೆಯ ಕಾನೂನಿನ ಕಾರಣದಿಂದ 2010ರ ದಶಕದ ಆರಂಭದಲ್ಲಿ ನಿಂತವು. ಶಿಬಿರಗಳ ಕಾವಲಿದ್ದಾಗ ಸಿಡಿಮದ್ದು ಹಾಕಿ ಮೀನು ಕೊಲ್ಲುವವರಿಗೆ ತಡೆಯಿತ್ತು, ಅದು ತಪ್ಪಿತು ಎಂದು ಗಾಳಪ್ರಿಯರು ಹೇಳುತ್ತಾರೆ. ಆ ನದಿಯ ಗೂನುಬೆನ್ನಿನ ಮಹಸೀರ್ 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. ಕಾವಲು ಬೇಕು, ನಿಜ. ಆದರೆ ಕಾವಲಿನವನಿಗೆ ಸಂಬಳ ಕೊಡಲು ಮೀನಿನ ತುಟಿಯನ್ನು ಏಕೆ ಚುಚ್ಚಬೇಕು? ಶೃಂಗೇರಿಯ ತುಂಗೆಯಲ್ಲಿ ಜನರು ಮೀನಿಗೆ ಮಂಡಕ್ಕಿ ಹಾಕಿ ನೋಡಿ ಸಂತೋಷಪಡುತ್ತಾರೆ. ಗಾಳವಿಲ್ಲದೆಯೂ ಮೀನಿನ ಮೇಲೆ ಪ್ರೀತಿ ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈ ವಿಷಯದಲ್ಲಿ ನಾನು ನಿರ್ದೋಷಿಯಲ್ಲ. ಅದನ್ನು ಹೇಳದೆ ಬರೆದರೆ ಈ ಲೇಖನ ಸುಳ್ಳಾಗುತ್ತದೆ. ನನ್ನ ಅಂಗಡಿಯಲ್ಲಿ ಹಗ್ಗ, ಮೊಳೆ, ಬಣ್ಣಗಳ ಜೊತೆಗೆ ಗಾಳದ ಕೊಕ್ಕೆ, ನೈಲಾನ್ ದಾರಗಳನ್ನು ಹನ್ನೊಂದು ವರ್ಷ ಮಾರಿದ್ದೇನೆ. ಹಿಡಿಯುವವರು ನಾವಲ್ಲವಲ್ಲ ಎಂದುಕೊಂಡಿದ್ದೆ. ಒಂದು ಚಾತುರ್ಮಾಸದಲ್ಲಿ ಅನರ್ಥದಂಡದ ಐದು ಭೇದಗಳ ಪಾಠ ನಡೆಯುತ್ತಿದ್ದಾಗ ಹಿಂಸಾದಾನ ಎಂಬ ಭೇದ ಬಂತು: ಹಿಂಸೆಯ ಉಪಕರಣಗಳನ್ನು ಇತರರಿಗೆ ಒದಗಿಸುವುದು. ಬೆಲೆ ಪಡೆದು ಕೊಟ್ಟರೆ ದಾನವಲ್ಲ, ವ್ಯಾಪಾರ ಎಂದು ಮನಸ್ಸು ತರ್ಕ ಹೂಡಿತು. ಆ ತರ್ಕ ಎರಡು ದಿನವೂ ನಿಲ್ಲಲಿಲ್ಲ. ಲಾಭವಿಲ್ಲದೆ ಕೊಡುವುದೇ ದೋಷವಾದರೆ ಲಾಭಕ್ಕಾಗಿ ಕೊಡುವುದು ನಿರ್ದೋಷವಾದೀತೆ? ಉಳಿದ ಸರಕನ್ನು ಬೇರೆ ಅಂಗಡಿಗೆ ಮಾರಲೂ ಮನಸ್ಸಾಗದೆ ನಷ್ಟಕ್ಕೆ ಬರೆದೆ. ಅಂಗಡಿ ಮುಳುಗಲಿಲ್ಲ. ಕೃತ, ಕಾರಿತ, ಅನುಮೋದನ ಮೂರೂ ಖಾತೆಗಳು ನಮ್ಮ ಹೆಸರಿನಲ್ಲೇ ಇರುತ್ತವೆಂಬುದನ್ನು ಅಂದು ಕಲಿತೆ. ಬಸದಿಯ ಜಗಲಿಯಲ್ಲಿ ನಾವು ತಲೆದೂಗಿದ್ದು ಈ ಮೂರನೆಯ ಖಾತೆಗೆ ಸೇರಿತು.

ಆದುದರಿಂದ ಪರದೇಶದಲ್ಲಿರುವ ನಮ್ಮ ಮಕ್ಕಳಿಗೆ ನಾನು ದೋಣಿಯನ್ನು ಮಾರಿಬಿಡಿ ಎನ್ನುವುದಿಲ್ಲ. ತುಳಿಯಿರಿ, ದೇಹಕ್ಕೆ ವ್ಯಾಯಾಮವಾಗಲಿ. ಕೋಲು ನಿಲ್ಲಿಸುವ ಕೊಳವೆಯಲ್ಲಿ ಕೊಡೆಯನ್ನು ನಿಲ್ಲಿಸಿರಿ. ನೀರಿನ ಮಧ್ಯದಲ್ಲಿ ದೋಣಿ ನಿಲ್ಲಿಸಿ ಒಂದು ಸಾಮಾಯಿಕ ಮಾಡಿರಿ. ಅದಕ್ಕಿಂತ ನಿಶ್ಶಬ್ದವಾದ ಸ್ಥಳ ದೊರೆಯದು. ಗಾಳವನ್ನು ಮಾತ್ರ ದಡದಲ್ಲಿ ಬಿಡಿರಿ. ನಮ್ಮ ವ್ಯಾಪಾರಿ ಬಂಧುಗಳು ಅದನ್ನು ತರಿಸಿ ಮಾರುವ ಮೊದಲು ಒಮ್ಮೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆಯಲಿ. ಹಿರಿಯರಾದ ನಾವು, ಮೊಮ್ಮಗ ಮೀನು ಹಿಡಿದ ಚಿತ್ರವನ್ನು ಕಳುಹಿಸಿದಾಗ, ಬೇಸರಪಟ್ಟುಕೊಂಡಾನೆಂದು ಹೊಗಳದಿರೋಣ. ಸಿಟ್ಟೂ ಬೇಡ. "ಮಗೂ, ಮೀನು ಏನಾಯಿತು?" ಎಂದು ಕೇಳೋಣ. ಉತ್ತರವನ್ನು ಅವನೇ ಹುಡುಕಿಕೊಳ್ಳುತ್ತಾನೆ.

ಆ ತರುಣರು ಊರಿಗೆ ಮರಳುವ ಮುನ್ನ ಅಂಗಡಿಗೆ ಬಂದಿದ್ದರು. ಇವಿಷ್ಟನ್ನೂ ಅವರಿಗೆ ಹೇಳಿದೆ. ಅವರು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ಯೋಚಿಸುತ್ತೇನೆ ಮಾವ ಎಂದರು. ನನಗೂ ಒಂದು ಪಾಠ ತಲೆಗೆ ಹತ್ತಲು ಹನ್ನೊಂದು ವರ್ಷ ಬೇಕಾಯಿತು. ಅವರಿಗೆ ಅಷ್ಟು ಬೇಡವಾಗಲಿ.