ರಾಕ್ಷಸನ ಏಟು, ಎದುರಾಳಿಯ ಅವಕಾಶ: ಮೇಜಿನ ಕಥನ ಆಟಗಳಲ್ಲಿ ದಾಳಿಯ ರಚನೆ

ನಮ್ಮ ಕಾವ್ಯಗಳ ರಾಕ್ಷಸರನ್ನು ಕುರಿತ ಚರ್ಚೆ ಬಹುಮಟ್ಟಿಗೆ ಎರಡು ಪ್ರಶ್ನೆಗಳ ಸುತ್ತ ಬೆಳೆದಿದೆ. ರಾಕ್ಷಸ ಹೇಗೆ ಕಾಣುತ್ತಾನೆ ಎಂಬುದು ಒಂದು; ಅವನು ಯಾರನ್ನು ಅಥವಾ ಏನನ್ನು ಸಂಕೇತಿಸುತ್ತಾನೆ ಎಂಬುದು ಇನ್ನೊಂದು. ಅವನು ಹೇಗೆ ಹೊಡೆಯುತ್ತಾನೆ, ಆ ಹೊಡೆತ ಎದುರಾಳಿಗೆ ಯಾವ ದಾರಿಯನ್ನು ಉಳಿಸುತ್ತದೆ ಎಂಬ ಮೂರನೆಯ ಪ್ರಶ್ನೆಯನ್ನು ನಾವು ಕೇಳಿದ್ದು ಕಡಿಮೆ. ಕುತೂಹಲದ ಸಂಗತಿಯೆಂದರೆ, ಈ ಪ್ರಶ್ನೆಯನ್ನು ಅರ್ಧ ಶತಮಾನದಿಂದ ಬಿಡದೆ ಕೇಳುತ್ತ ಬಂದಿರುವವರು ಮೇಜಿನ ಸುತ್ತ ಕುಳಿತು ಆಡುವ ಒಂದು ಬಗೆಯ ಆಟದ ರಚನಕಾರರು. ಅವರ ಅನುಭವದಿಂದ ಕಥನ ಅಧ್ಯಯನಕ್ಕೆ ಕಲಿಯುವುದಿದೆ ಎಂಬುದು ಈ ಲೇಖನದ ನಿಲುವು.

ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಪ್ರಕಟವಾಯಿತು. ಇದರಲ್ಲಿ ಒಬ್ಬ ಸೂತ್ರಧಾರ ಸನ್ನಿವೇಶವನ್ನು ಬಾಯಿಮಾತಿನಲ್ಲಿ ನಿರೂಪಿಸುತ್ತಾನೆ; ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ; ಫಲಿತಾಂಶ ಸಂದೇಹಾಸ್ಪದವಾದಲ್ಲಿ ದಾಳ ಉರುಳುತ್ತದೆ. ಪ್ರತಿ ಪಾತ್ರಕ್ಕೂ ಅದರ ತಾಳಿಕೆಯನ್ನು ಸೂಚಿಸುವ ಸಂಖ್ಯೆಯೊಂದಿರುತ್ತದೆ. ಅದನ್ನು ಪ್ರಾಣಾಂಕ ಎನ್ನೋಣ. ಏಟು ಬಿದ್ದಂತೆ ಅದು ಇಳಿಯುತ್ತದೆ. 1977ರಲ್ಲಿ ಹೊರಬಂದ ದೈತ್ಯಕೋಶ 'ಮಾನ್‌ಸ್ಟರ್ ಮ್ಯಾನ್ಯುಅಲ್' ಪ್ರತಿ ದೈತ್ಯನಿಗೂ ಒಂದು ಸುತ್ತಿನಲ್ಲಿ ಎಷ್ಟು ಏಟು, ಪ್ರತಿ ಏಟಿಗೆ ಎಷ್ಟು ಹಾನಿ ಎಂಬುದನ್ನು ಅಂಕಿಗಳಲ್ಲಿ ನಮೂದಿಸಿತು. ಎರಡು ಪಂಜ, ಒಂದು ಕಡಿತ ಎಂಬುದು ಅದರಲ್ಲಿ ಮತ್ತೆಮತ್ತೆ ಬರುವ ವಿನ್ಯಾಸ. ಹೆಸರು, ರೂಪಗಳು ಬದಲಾದರೂ ಇಂಥ ದೈತ್ಯರು ಆಟದಲ್ಲಿ ಮಾಡುವ ಕೆಲಸ ಒಂದೇ ಆಗಿಬಿಡುತ್ತದೆ. ನಮ್ಮ ಕಾವ್ಯಗಳ ಸಿದ್ಧ ವರ್ಣನೆಗಳ ದಣಿವನ್ನು ಬಲ್ಲವರಿಗೆ ಇದು ಹೊಸತೇನಲ್ಲ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ನಾಲ್ವರು ಗೆಳೆಯರಿಗೆ ನಾನು ಸೂತ್ರಧಾರನಾಗಿದ್ದೆ. ನಾನೇ ಕಲ್ಪಿಸಿದ ದೈತ್ಯವೊಂದು ಕತ್ತಲಿನಿಂದ ವಿಷದ ಉಸಿರು ಬಿಟ್ಟಿತು. ಯಾರೂ ಬಾಯಿ ತೆರೆಯುವ ಮೊದಲೇ ಎರಡು ಪಾತ್ರಗಳು ಸತ್ತವು. ಗೆಳೆಯನೊಬ್ಬ ದಾಳವನ್ನು ಕೆಳಗಿಟ್ಟು, "ನಾನು ಏನು ಮಾಡಬಹುದಿತ್ತು?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಅಂಕಿಗಳ ಲೆಕ್ಕ ಸರಿಯಾಗಿಯೇ ಇತ್ತು. ಎದುರಾಳಿಯ ಪಾಲಿನ ಅವಕಾಶವನ್ನು ಮಾತ್ರ ನಾನು ಮರೆತಿದ್ದೆ. ದಾಳಿಯ ರಚನೆಗೆ ಆ ಗೆಳೆಯನ ಪ್ರಶ್ನೆಗಿಂತ ಉತ್ತಮ ಒರೆಗಲ್ಲು ನನಗೆ ಈವರೆಗೆ ಸಿಕ್ಕಿಲ್ಲ.

ಅದೇ 1977ರ ಕೋಶದಲ್ಲಿ ಈ ಒರೆಗೆ ನಿಲ್ಲುವ ದೈತ್ಯರೂ ಇದ್ದಾರೆ. 'ರಸ್ಟ್ ಮಾನ್‌ಸ್ಟರ್' ಎಂಬ ಜೀವಿಯ ಮೀಸೆಯ ಸ್ಪರ್ಶದಿಂದ ಪ್ರಾಣಾಂಕ ಒಂದೂ ಇಳಿಯುವುದಿಲ್ಲ. ಆದರೆ ಕಬ್ಬಿಣದ ಕವಚ ಮತ್ತು ಆಯುಧ ತುಕ್ಕಾಗಿ ಉದುರುತ್ತವೆ. ಅತ್ಯಂತ ಸುರಕ್ಷಿತನೆಂದು ನಂಬಿದ್ದ ಯೋಧನೇ ಆಗ ಹಿಂದೆ ಸರಿಯಬೇಕು. ಬರಿಗೈಯವನು ಮುಂದೆ ಬರಬೇಕು. 'ಟ್ರೋಲ್' ತನ್ನ ಗಾಯಗಳನ್ನು ತಾನೇ ಮಾಯಿಸಿಕೊಳ್ಳುತ್ತದೆ; ಬೆಂಕಿ ಅಥವಾ ಆಮ್ಲ ತಗುಲಿದರೆ ಮಾತ್ರ ಗಾಯ ಮಾಯುವುದಿಲ್ಲ. ಇಲ್ಲಿ ಆಟಗಾರ ಹೆಚ್ಚು ಹೊಡೆಯುವುದನ್ನಲ್ಲ, ಬೇರೆ ಬಗೆಯಲ್ಲಿ ಯೋಚಿಸುವುದನ್ನು ಕಲಿಯಬೇಕಾಗುತ್ತದೆ.

ಈ ಕೋಶದಲ್ಲಿ 'ರಾಕ್ಷಸ'ನೂ ಇದ್ದಾನೆ. ಹುಲಿಯ ತಲೆಯ, ಭ್ರಮೆ ಹುಟ್ಟಿಸಬಲ್ಲ ಈ ಜೀವಿ ಪುರೋಹಿತ ಹರಸಿದ ಅಡ್ಡಬಿಲ್ಲಿನ ಬಾಣಕ್ಕೆ ಸಾಯುತ್ತಾನೆ. ಇದು ವ್ಯಾಸ, ವಾಲ್ಮೀಕಿಯರ ರಾಕ್ಷಸನಲ್ಲ. ಹರಸಿದ ಬಾಣದ ಈ ಸಂಗತಿ 1974ರ ಅಮೆರಿಕನ್ ದೂರದರ್ಶನ ಕಥೆಯೊಂದರಲ್ಲಿ ಆಗಲೇ ಬಂದಿತ್ತು. ಇಷ್ಟು ಹೇಳಿ ಮುನಿಸಿಕೊಂಡು ಸುಮ್ಮನಾಗುವುದು ಸುಲಭ. ಆದರೆ ಅದೇ ಆಟದ 2014ರ ಆವೃತ್ತಿಯನ್ನು ನೋಡಬೇಕು. ಅಲ್ಲಿ ರಾಕ್ಷಸನ ಒಂದು ಪಂಜದ ಏಟಿನ ಸರಾಸರಿ ಹಾನಿ ಬರಿಯ 9. ಅವನನ್ನು ಎದುರಿಸುವ ಮಟ್ಟದ ವೀರರಿಗೆ ಅದು ಗೀರು ಮಾತ್ರ. ನಿಜವಾದ ಏಟು ಆಮೇಲಿನದು: ಪಂಜ ತಗುಲಿದವನಿಗೆ ಶಾಪ ಅಂಟುತ್ತದೆ, ವಿಶ್ರಮಿಸಲು ಹೋದಾಗಲೆಲ್ಲ ಘೋರ ದೃಶ್ಯಗಳು, ಕನಸುಗಳು ಮನಸ್ಸನ್ನು ತುಂಬುತ್ತವೆ, ಶಾಪ ಕಳೆಯುವವರೆಗೆ ವಿಶ್ರಾಂತಿಯ ಫಲ ದೊರೆಯದು. ಕಾಳಗ ಮುಗಿದರೂ ದಾಳಿ ಮುಗಿಯುವುದಿಲ್ಲ. ರೂಪದಲ್ಲಿ ನಮ್ಮಿಂದ ದೂರ ಸರಿದ ಈ ಜೀವಿ, ಕ್ರಿಯೆಯಲ್ಲಿ ನಮ್ಮ ನಿಶಾಚರ ಕಲ್ಪನೆಗೆ ಹತ್ತಿರವಾಗಿದೆ ಎಂದೇ ನನಗೆ ತೋರುತ್ತದೆ.

ಈ ದೃಷ್ಟಿಯಿಂದ ನಮ್ಮ ಕಥನಗಳತ್ತ ಮರಳಿದರೆ ಪರಿಚಿತ ಪ್ರಸಂಗಗಳೂ ಬೇರೆಯಾಗಿ ಕಾಣುತ್ತವೆ. ಮಹಾಭಾರತದ ಬಕವಧೆಯಲ್ಲಿ ರಾಕ್ಷಸ ಮೊದಲು ಉಣ್ಣುತ್ತ ಕುಳಿತ ಭೀಮನ ಬೆನ್ನಿಗೆ ಎರಡೂ ಕೈಗಳಿಂದ ಗುದ್ದುತ್ತಾನೆ. ಭೀಮ ಊಟ ಬಿಡುವುದಿಲ್ಲ. ಆಮೇಲೆ ಮರ ಕಿತ್ತು ಬರುತ್ತಾನೆ, ಕೊನೆಗೆ ಮಲ್ಲಯುದ್ಧ. ಏಟು ಹಂತಹಂತವಾಗಿ ಏರುತ್ತದೆ, ಪ್ರತಿ ಹಂತಕ್ಕೂ ಭೀಮನಿಂದ ಬೇರೆ ಉತ್ತರ ಬರುತ್ತದೆ. ದೇವೀಮಾಹಾತ್ಮ್ಯದ ರಕ್ತಬೀಜನ ಬಲವಿರುವುದು ಅವನ ಗಾಯದಲ್ಲಿ. ಅವನನ್ನು ಹೊಡೆದಷ್ಟೂ ಅಪಾಯ ಹೆಚ್ಚು. ಹಾಗಾಗಿ ನೆಲಕ್ಕೆ ಬೀಳುವ ಮೊದಲೇ ರಕ್ತವನ್ನು ಕುಡಿಯುವ ಕಾಳಿ ಬೇಕಾಗುತ್ತಾಳೆ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ ತೆರೆಯ ಹಿಂದಿನಿಂದಲೇ ಅಬ್ಬರಿಸುವುದು ಅಲಂಕಾರಕ್ಕಷ್ಟೇ ಅಲ್ಲ, ಬರಲಿರುವ ದಾಳಿಯ ಮುನ್ಸೂಚನೆಗೂ ಹೌದು. ನನ್ನ ವಿಷದ ಉಸಿರಿಗೆ ಇಲ್ಲದಿದ್ದುದು ಈ ತೆರೆಯೇ.

ಕಾವ್ಯ ಆಟವಲ್ಲ, ಭೀಮ ಗೆಲ್ಲುವನೆಂಬುದು ಕೇಳುಗನಿಗೆ ಮೊದಲೇ ಗೊತ್ತು ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಆಟದಲ್ಲಿ ಸೋಲು ನಿಜವಾಗಿಯೂ ಸಾಧ್ಯ. ಕಾವ್ಯದಲ್ಲಿ ಅದು ಮುಗಿದ ಮಾತು. ಆದರೆ ಫಲ ಗೊತ್ತಿದ್ದೂ ಕೇಳುಗ ಕುಳಿತು ಕೇಳುವುದು ಗೆಲುವು ಹೇಗೆ ಬಂತೆಂಬುದಕ್ಕಾಗಿ ತಾನೆ? ಆ 'ಹೇಗೆ' ಎಂಬುದನ್ನು ನಿರ್ಧರಿಸುವವನು ನಾಯಕನಿಗಿಂತ ಹೆಚ್ಚಾಗಿ ರಾಕ್ಷಸ. ಅವನು ಒಡ್ಡುವ ಕಷ್ಟ ಎಂಥದೋ ನಾಯಕನಲ್ಲಿ ಬೆಳಗುವ ಗುಣವೂ ಅಂಥದು.

ಆದುದರಿಂದ ರಾಕ್ಷಸ ಪ್ರಸಂಗಗಳನ್ನು ವರ್ಗೀಕರಿಸುವಾಗ ಮೂರು ಸಂಗತಿಗಳನ್ನು ಗುರುತಿಸುವುದು ಉಪಯುಕ್ತ: ದಾಳಿ ಮುನ್ಸೂಚನೆ ಕೊಡುತ್ತದೆಯೆ, ಅದು ಎದುರಾಳಿಯಿಂದ ನಿರ್ದಿಷ್ಟವಾಗಿ ಏನನ್ನು ಕಸಿಯುತ್ತದೆ, ಯಾವ ಉತ್ತರಕ್ಕೆ ಎಡೆಗೊಡುತ್ತದೆ. ಗದುಗಿನ ಭಾರತದ ಹಿಡಿಂಬ, ಬಕರ ಪ್ರಸಂಗಗಳಿಂದಲೇ ಈ ಕೆಲಸವನ್ನು ಆರಂಭಿಸಬಹುದು. ತರಗತಿಯಲ್ಲಿ ಆ ಭಾಗವನ್ನು ಪಾಠ ಮಾಡುವಾಗ ಒಂದು ಕ್ಷಣ ನಿಲ್ಲಿಸಿ, "ಈಗ ಭೀಮ ಏನು ಮಾಡಬಹುದು?" ಎಂದು ವಿದ್ಯಾರ್ಥಿಗಳನ್ನು ಕೇಳಿ ನೋಡಬೇಕು.